ಹಳೆ 486 ಕಂಪ್ಯೂಟರ್ ಆನ್ ಆಗುತ್ತದೆ, ಹಾರ್ಡ್ ಡಿಸ್ಕ್ ಕಾಣಿಸುತ್ತಿಲ್ಲ. ಅಪ್ಪನ ಮಳೆ ಲೆಕ್ಕ ಅದರಲ್ಲೇ ಇದೆ

ಮೂಡಿಗೆರೆ_ತೋಟ
ಎಲ್ಲರಿಗೂ ನಮಸ್ಕಾರ. ತೋಟದ ಮನೆ ಅಟ್ಟದಲ್ಲಿದ್ದ ಅಪ್ಪನ 486 ಕೆಳಗಿಳಿಸಿ ಆನ್ ಮಾಡಿದೆ. ಮೆಮೊರಿ ಎಣಿಸುತ್ತದೆ, ಆಮೇಲೆ ಸಿಮಾಸ್ ಚೆಕ್‌ಸಮ್ ಎರರ್ (ಉಳಿಸಿಟ್ಟ ಸೆಟ್ಟಿಂಗ್ ಕೆಟ್ಟಿದೆ ಅಂತ), ಅದರ ಕೆಳಗೆ ಕೀಬೋರ್ಡ್ ಎರರ್. ಹಾರ್ಡ್ ಡಿಸ್ಕ್ ಸುದ್ದಿಯೇ ಇಲ್ಲ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಕನ್ವರ್ಟರ್ ಹಾಕಿ ಲ್ಯಾಪ್‌ಟಾಪ್‌ಗೆ ಕೊಟ್ಟರೆ ತಿರುಗುವ ಸದ್ದು ಬರುತ್ತದೆ, ಆದರೆ ಏನೂ ಕಾಣಿಸುವುದಿಲ್ಲ. ಅಂಗಡಿಯವರು ಡಿಸ್ಕ್ ಸತ್ತಿದೆ, ಗುಜರಿಗೆ ಹಾಕಿ ಅಂದರು. ಹಾಕಲು ಮನಸ್ಸಿಲ್ಲ. ಅಪ್ಪ ದಿನಾ ಅಳೆದ ಮಳೆ, ಇಂಚು ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕ, ಕಾಫಿ ಹೂವಿಗೆ ಬೇಕಾದ ಹೂಮಳೆ ಯಾವ ವರ್ಷ ಯಾವಾಗ ಬಂತು, ಎಲ್ಲ ಅದರಲ್ಲಿ ಲೋಟಸ್ 1-2-3 ಅನ್ನುವ ಹಳೆ ಸ್ಪ್ರೆಡ್‌ಶೀಟ್ ಪ್ರೋಗ್ರಾಂನ ಫೈಲ್‌ಗಳಾಗಿ ಇವೆ. ಬಯಾಸ್‌ನಲ್ಲಿ, ಅಂದರೆ ಆನ್ ಆಗುವಾಗ ಸಿಗುವ ಸೆಟ್ಟಿಂಗ್ ಪರದೆಯಲ್ಲಿ, ಏನು ಸೆಟ್ ಮಾಡಬೇಕು?

ಹಾಸನ_ಬೆಸುಗೆ
ಸರ್, ಬಯಾಸ್ ಆಮೇಲೆ. ಮೊದಲು ಆಫ್ ಮಾಡಿ, ಮತ್ತೆ ಆನ್ ಮಾಡಲೇಬೇಡಿ. ಕ್ಯಾಬಿನೆಟ್ ಬಿಚ್ಚಿ, ಮದರ್‌ಬೋರ್ಡ್‌ನಲ್ಲಿ ಕೀಬೋರ್ಡ್ ಸಾಕೆಟ್ ಪಕ್ಕ ಉದ್ದುರುಟಿನ ಬ್ಯಾಟರಿ ಇದೆಯಾ ನೋಡಿ. ಜಾಸ್ತಿ ನೀಲಿ ಬಣ್ಣದಲ್ಲೇ ಇರುತ್ತದೆ, ಮೇಲೆ 3.6 ವೋಲ್ಟ್ ಅಂತ ಬರೆದಿರುತ್ತದೆ. ಅದು ನಿಕಲ್ ಕ್ಯಾಡ್ಮಿಯಂ. ಹಳೆಯದಾದರೆ ಸೋರುತ್ತದೆ, ಸೋರಿದ್ದು ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಕೀಬೋರ್ಡ್ ಎರರ್ ಬರುತ್ತಿದೆ ಅಂದರೆ ನನಗೆ ಮೊದಲ ಅನುಮಾನ ಅದರ ಮೇಲೇ.

ಡಿಸ್ಕ್ ಸತ್ತಿದೆ ಅಂತ ಈಗಲೇ ಹೇಳಲು ಆಗುವುದಿಲ್ಲ. ಈಗಿನ ಯುಎಸ್‌ಬಿ ಕನ್ವರ್ಟರ್‌ಗಳು ಎಲ್‌ಬಿಎ ಲೆಕ್ಕದಲ್ಲಿ (ಡಿಸ್ಕ್‌ನ ಸೆಕ್ಟರ್‌ಗಳಿಗೆ ಒಂದೇ ಸಾಲಿನ ಕ್ರಮಸಂಖ್ಯೆ) ಮಾತ್ರ ಮಾತಾಡುತ್ತವೆ. ಆ ಕಾಲದ ಎಷ್ಟೋ ಐಡಿಇ ಬಗೆಯ ಡಿಸ್ಕ್‌ಗಳಿಗೆ ಸಿಲಿಂಡರ್, ಹೆಡ್, ಸೆಕ್ಟರ್ ಅನ್ನುವ ಮೂರು ಅಂಕಿಯ ಲೆಕ್ಕ ಬಿಟ್ಟು ಬೇರೆ ಗೊತ್ತಿಲ್ಲ. ಡಿಸ್ಕ್ ಸರಿಯಾಗಿದ್ದರೂ ಲ್ಯಾಪ್‌ಟಾಪ್‌ಗೆ ಕಾಣಿಸುವುದಿಲ್ಲ. ನಿಮ್ಮ ಕೆಲಸಕ್ಕೆ ಆ 486 ಬೋರ್ಡೇ ಬೇಕು, ಅದಕ್ಕೇ ಮೊದಲು ಅದನ್ನು ಉಳಿಸಿಕೊಳ್ಳಿ ಅನ್ನುತ್ತಿದ್ದೇನೆ.

ಮೂಡಿಗೆರೆ_ತೋಟ
ನೀವು ಹೇಳಿದ ಜಾಗದಲ್ಲೇ ಇದೆ. ಬ್ಯಾಟರಿ ಕಾಲಿನ ಸುತ್ತ ಹಸಿರು ಪುಡಿ, ಅಲ್ಲಿಂದ ಕೀಬೋರ್ಡ್ ಸಾಕೆಟ್ ತನಕ ಬೋರ್ಡ್ ಬಣ್ಣ ಕಪ್ಪಾಗಿದೆ, ಒಂದು ಗೆರೆ ಉಬ್ಬಿಕೊಂಡಿದೆ. ಡಿಸ್ಕ್ ಮೇಲಿನ ಚೀಟಿಯಲ್ಲಿ 1001, 15, 17 ಅಂತ ಇದೆ.

ಬೇಲೂರು_ಡಾಸ್
ಸೋಡಾ ಪುಡಿ ನೀರಲ್ಲಿ ಕಲಸಿ ಉಜ್ಜಿ. ಯುಪಿಎಸ್ ಬ್ಯಾಟರಿ ಟರ್ಮಿನಲ್‌ಗೆ ನಾವು ಅದನ್ನೇ ಹಾಕುವುದು.

ಹಾಸನ_ಬೆಸುಗೆ
ಬೇಡ ಅಣ್ಣ, ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಯುಪಿಎಸ್ ಬ್ಯಾಟರಿಯಲ್ಲಿರುವುದು ಆಸಿಡ್, ಅದಕ್ಕೆ ಸೋಡಾ ಸರಿ. ಇದು ಕ್ಷಾರ, ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಇದಕ್ಕೆ ಹುಳಿ ಬೇಕು, ಬಿಳಿ ವಿನೆಗರ್ ಸಾಕು.

ತೋಟದ ಸರ್, ಕೈಗೆ ಗ್ಲೌಸ್ ಹಾಕಿಕೊಂಡು ಬ್ಯಾಟರಿಯನ್ನು ಕಟ್ ಮಾಡಿ ತೆಗೆಯಿರಿ. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ವಿನೆಗರ್ ಹಚ್ಚಿ, ಸಣ್ಣಗೆ ನೊರೆ ಬಂದರೂ ಬರಬಹುದು. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ನಿಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಅಲ್ವಾ? ಅವಸರ ಮಾಡಬೇಡಿ, ಫ್ಯಾನ್ ಕೆಳಗೆ ರಾತ್ರಿಯೆಲ್ಲ ಇಡಿ. ಉಬ್ಬಿದ ಗೆರೆಯನ್ನು ಮಲ್ಟಿಮೀಟರ್‌ನಲ್ಲಿ ನೋಡಿ, ಕಡಿದಿದ್ದರೆ ಎರಡು ಕಡೆಯೂ ಹಸಿರು ಪದರ ಕೆರೆದು ಸಣ್ಣ ತಂತಿಯಿಂದ ಬೆಸೆಯಿರಿ.

ಹೊಸ ಬ್ಯಾಟರಿಗೆ ಆ ಜಾಗದಲ್ಲಿ ಸುಮ್ನೆ ಸಿಆರ್2032 ಬೆಸೆಯಬೇಡಿ. ಬೋರ್ಡ್ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ, ಲಿಥಿಯಂ ಬಿಲ್ಲೆಗೆ ಅದು ಅಪಾಯ. ಹೊರಗಿನ ಬ್ಯಾಟರಿಗೆ ಅಂತ ನಾಲ್ಕು ಪಿನ್ ಜಾಗ ಇದೆಯಾ ಹುಡುಕಿ. ಇದ್ದರೆ ಪ್ಲಸ್ ಮೈನಸ್ ನೋಡಿಕೊಂಡು ಮೂರು ಎಎ ಸೆಲ್, ಅಂದರೆ 4.5 ವೋಲ್ಟ್, ವೈರ್‌ನಲ್ಲಿ ಕೊಟ್ಟು ಜಂಪರ್ (ಪಿನ್‌ಗಳನ್ನು ಜೋಡಿಸುವ ಪುಟ್ಟ ಟೋಪಿ) ಬದಲಿಸಿ. ಸೆಲ್ ಡಬ್ಬಿ ಬೋರ್ಡ್‌ನಿಂದ ದೂರ ಕಟ್ಟಿ, ಮುಂದೆ ಸೋರಿದರೂ ಬೋರ್ಡ್ ಮೇಲೆ ಬೀಳಬಾರದು.

ಬೇಲೂರು_ಡಾಸ್
ಕ್ಷಾರದ ವಿಷಯ ಗೊತ್ತಾಯಿತು, ಥ್ಯಾಂಕ್ಸ್. ಆ ಮೂರು ಅಂಕಿ ಬಗ್ಗೆ ನಾನು ಹೇಳುತ್ತೇನೆ. 1981ರ ಐಬಿಎಂ ಪಿಸಿಯಲ್ಲಿ ಬೋರ್ಡ್ ಮೇಲಿನ ಪುಟಾಣಿ ಸ್ವಿಚ್‌ಗಳೇ ಸೆಟ್ಟಿಂಗ್. 1984ರ ಪಿಸಿ ಎಟಿಯಲ್ಲಿ ಅದು ಬ್ಯಾಟರಿ ಮೇಲೆ ನಿಂತ ಸಿಮಾಸ್ ಮೆಮೊರಿಗೆ ಹೋಯಿತು, ನಿಮ್ಮ 486 ಅದೇ ದಾರಿಯದು. ಬ್ಯಾಟರಿ ಹೋಯಿತು ಅಂದರೆ ಡಿಸ್ಕ್ ಅಳತೆಯೂ ಮರೆತುಹೋಯಿತು. 1001 ಸಿಲಿಂಡರ್, 15 ಹೆಡ್, 17 ಸೆಕ್ಟರ್, ಸೆಕ್ಟರಿಗೆ 512 ಬೈಟ್, ಗುಣಿಸಿದರೆ ಸುಮಾರು 130 ಎಂಬಿ. ಬಯಾಸ್‌ನಲ್ಲಿ ಟೈಪ್ 47 ಅಥವಾ ಯೂಸರ್ ಆರಿಸಿ ಇಷ್ಟೇ ತುಂಬಿಸಿ. ಇಷ್ಟಾದ ಮೇಲೂ ಸಿ ಡ್ರೈವ್ ಬರದಿದ್ದರೆ ಎಫ್‌ಡಿಸ್ಕ್ (ಡಿಸ್ಕನ್ನು ಭಾಗ ಮಾಡುವ ಪ್ರೋಗ್ರಾಂ), ಫಾರ್ಮ್ಯಾಟ್ ಯಾವುದನ್ನೂ ಮುಟ್ಟಬೇಡಿ. ಆ ಕಾಲದಲ್ಲಿ ಬೇರೆ ಅಂಕಿ ಹಾಕಿ ಫಾರ್ಮ್ಯಾಟ್ ಮಾಡಿರಬಹುದು, ಅದನ್ನು ಹುಡುಕಬಹುದು.

ಮೂಡಿಗೆರೆ_ತೋಟ
ಬಂತು! ಉಬ್ಬಿದ ಗೆರೆ ಕಡಿದೇ ಇತ್ತು, ತಂತಿ ಬೆಸೆದ ಮೇಲೆ ಕೀಬೋರ್ಡ್ ಎದ್ದಿತು. ಅಂಕಿ ತುಂಬಿಸಿದೆ, ಸಿ ಡ್ರೈವ್ ಬಂತು. ಮಳೆ ಅಂತ ಒಂದು ಡೈರೆಕ್ಟರಿ, ಒಳಗೆ ವರ್ಷಕ್ಕೊಂದು ಫೈಲ್, ಎಲ್ಲದರ ಹೆಸರಿನ ಕೊನೆಗೆ ಲೋಟಸ್‌ನ ಡಬ್ಲ್ಯುಕೆ1. ನಿಮ್ಮಿಬ್ಬರಿಗೂ ಎಷ್ಟು ಹೇಳಿದರೂ ಸಾಲದು. ಇದನ್ನು ಈಗ ಹೊರಗೆ ತರುವುದು ಹೇಗೆ?

ಹಾಸನ_ಬೆಸುಗೆ
ತುಂಬಾ ಖುಷಿಯಾಯಿತು ಸರ್. ಈ ಫೈಲ್‌ಗಳು ಚಿಕ್ಕವು, 1.44 ಎಂಬಿ ಫ್ಲಾಪಿಯಲ್ಲಿ ಆರಾಮಾಗಿ ಹಿಡಿಸುತ್ತವೆ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಫ್ಲಾಪಿ ಡ್ರೈವ್ ಬೇಕು, ನನ್ನ ಹತ್ತಿರ ಇದೆ, ಹಾಸನಕ್ಕೆ ಬಂದಾಗ ತೆಗೆದುಕೊಂಡು ಹೋಗಿ. ಎರಡೆರಡು ಫ್ಲಾಪಿಗೆ ಕಾಪಿ ಮಾಡಿ, ಹಳೆ ಫ್ಲಾಪಿ ನಂಬುವ ಹಾಗಿಲ್ಲ. ಡಬ್ಲ್ಯುಕೆ1 ಫೈಲ್ ಲಿಬ್ರೆಆಫೀಸ್ ಕ್ಯಾಲ್ಕ್ ಸ್ಪ್ರೆಡ್‌ಶೀಟ್‌ನಲ್ಲಿ ನೇರ ತೆರೆಯುತ್ತದೆ. ತೆರೆದ ಮೇಲೆ ಬೇರೆ ಹೆಸರಲ್ಲಿ ಸೇವ್ ಮಾಡಿ, ಅಪ್ಪನ ಮೂಲ ಫೈಲ್ ಇದ್ದ ಹಾಗೇ ಇರಲಿ.