ಫತೋರ್ಡಾ ಕ್ರೀಡಾಂಗಣ ಕ್ರಿಕೆಟ್‌ನಿಂದ ಫುಟ್‌ಬಾಲ್‌ಗೆ ಹೊರಳಿದ್ದು ಹೇಗೆ?

ಪ್ರಶ್ನೆ (ವಾಸ್ಕೋ ಕನ್ನಡಿಗ): ಮಡಗಾಂವ್‌ನ ಫತೋರ್ಡಾದಲ್ಲಿ ಹಿಂದೆ ಅಂತರರಾಷ್ಟ್ರೀಯ ಕ್ರಿಕೆಟ್ ನಡೆಯುತ್ತಿತ್ತೆಂದು ನಮ್ಮ ಹಿರಿಯರು ಹೇಳುತ್ತಾರೆ. ಅದು ಫುಟ್‌ಬಾಲ್‌ನ ಮನೆಯಾದದ್ದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸುವಿರಾ?

ಉತ್ತರ (ಮಡಗಾಂವ್ ನಿವಾಸಿ): ಹಿರಿಯರು ಹೇಳಿದ್ದು ನಿಜ. 1989ರಲ್ಲಿ ಆರಂಭವಾದ ಪಂಡಿತ್ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ (ಫತೋರ್ಡಾ ಕ್ರೀಡಾಂಗಣದ ಅಧಿಕೃತ ಹೆಸರು ಇದೇ) ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ಮತ್ತು ಶ್ರೀಲಂಕಾ ಏಕದಿನ ಪಂದ್ಯವಾಡಿದವು. 2010ರ ಅಕ್ಟೋಬರ್‌ನಲ್ಲಿ ಇಲ್ಲಿ ನಡೆಯಬೇಕಿದ್ದ ಭಾರತ–ಆಸ್ಟ್ರೇಲಿಯಾ ಪಂದ್ಯ ಮಳೆಯಿಂದಾಗಿ ಒಂದು ಎಸೆತವನ್ನೂ ಕಾಣದೆ ರದ್ದಾಯಿತು. ಪೋರ್ಚುಗೀಸ್ ಭಾಷೆಯ ನಂಟುಳ್ಳ ನಾಡುಗಳ 2014ರ ಲೂಸೋಫೋನಿಯಾ ಕ್ರೀಡಾಕೂಟಕ್ಕಾಗಿ ದೊಡ್ಡ ಪ್ರಮಾಣದ ನವೀಕರಣ ನಡೆದು, ಅದೇ ವರ್ಷ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ ಎಫ್‌ಸಿ ಗೋವಾ ತಂಡ ಇದನ್ನು ತವರು ಅಂಗಣವಾಗಿಸಿಕೊಂಡಿತು.

ಉತ್ತರ (ಪಣಜಿಯ ಓದುಗ): 2017ರ 17 ವರ್ಷದೊಳಗಿನವರ ವಿಶ್ವಕಪ್ಪನ್ನೂ ಸೇರಿಸಬೇಕು. ಇರಾನ್ ಹುಡುಗರು ಜರ್ಮನಿಯನ್ನು 4–0ರಿಂದ ಮಣಿಸಿದ್ದು ಇದೇ ಹುಲ್ಲಿನ ಮೇಲೆ. ಆ ನೆಪದಲ್ಲಿ ಬೆಣಾವಲಿ, ಉತೋರ್ಡಾಗಳಲ್ಲಿ ಸಜ್ಜಾದ ಅಭ್ಯಾಸದ ಮೈದಾನಗಳೇ, ನನ್ನ ದೃಷ್ಟಿಯಲ್ಲಿ, ಗ್ಯಾಲರಿಯ ಹೊಸ ಆಸನಗಳಿಗಿಂತ ದೊಡ್ಡ ಲಾಭ. ಊರಿನ ಮಕ್ಕಳು ಆಡಿ ಬೆಳೆಯುವುದು ಅಂಥ ಅಂಗಳಗಳಲ್ಲಿ.

ಉತ್ತರ (ಮಡಗಾಂವ್ ನಿವಾಸಿ): ಒಪ್ಪುತ್ತೇನೆ. ಕೋವಿಡ್ ಕಾಲದ 2020–21ರ ಲೀಗ್ ಪೂರ್ತಿಯಾಗಿ ಗೋವಾದಲ್ಲೇ ನಡೆಯಲು ಸಾಧ್ಯವಾದದ್ದು ಫತೋರ್ಡಾದ ಜೊತೆಗೆ ಬಾಂಬೋಳಿ ಮತ್ತು ನಿಮ್ಮ ವಾಸ್ಕೋದ ತಿಲಕ್ ಮೈದಾನಗಳೂ ಇದ್ದುದರಿಂದ.