ಪದಚರ್ಚೆ: ‘ರಿವರ್ಸ್ ಆಕ್ಷನ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಪೀಣ್ಯದ ಸಣ್ಣ ಕಾರ್ಖಾನೆಯವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ದೊಡ್ಡ ಕಂಪನಿಗಳಿಗೆ ರಟ್ಟಿನ ಡಬ್ಬ, ನಟ್ಟು ಬೋಲ್ಟು, ಕೈಗವಸು ಸಪ್ಲೈ ಮಾಡುವವರು ಇವರು. ಅದರಲ್ಲಿ ‘ರಿವರ್ಸ್ ಆಕ್ಷನ್’ (reverse auction) ಅನ್ನೋ ಮಾತು ಪುಟಪುಟಕ್ಕೂ ಬರುತ್ತದೆ. ಅದಕ್ಕೊಂದು ಒಪ್ಪುವ ಪದ ಬೇಕು.

ಮಾಮೂಲಿ ಹರಾಜಿನಲ್ಲಿ ಮಾರುವವನು ಒಬ್ಬ, ಕೊಳ್ಳುವವರು ಹಲವರು. ರೇಟು ಏರುತ್ತಾ ಹೋಗುತ್ತದೆ. ಬಿಡಿಎ ಮೂಲೆ ಸೈಟು ಮಾರಿದ್ದು ಹೀಗೆ, ರಾಮನಗರದಲ್ಲಿ ರೇಷ್ಮೆಗೂಡು ಮಾರುವುದೂ ಹೀಗೆ. ರಿವರ್ಸ್ ಆಕ್ಷನ್‌ನಲ್ಲಿ ಕೊಳ್ಳುವವನು ಒಬ್ಬ, ಮಾರುವವರು ಹಲವರು. ರೇಟು ಇಳಿಯುತ್ತಾ ಹೋಗುತ್ತದೆ.

ಒಂದು ಕಂಪನಿಗೆ ಐದು ಪ್ಲೈ, ಅಂದರೆ ಐದು ಪದರದ ರಟ್ಟಿನ ಡಬ್ಬ ಬೇಕು ಅಂದುಕೊಳ್ಳಿ. ಅಳತೆ, ಕಾಗದದ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅನ್ನೋದು), ಡೆಲಿವರಿ ದಿನ, ದುಡ್ಡು ಕೊಡುವ ಗಡುವು ಎಲ್ಲವನ್ನೂ ಮೊದಲೇ ಬರೆದು ಕಳಿಸಿರುತ್ತಾರೆ. ಹೇಳಿದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಡಬ್ಬಕ್ಕೆ 42 ರೂಪಾಯಿಯಿಂದ ಶುರು, ಒಂದು ಸಲಕ್ಕೆ ಕನಿಷ್ಠ 25 ಪೈಸೆ ಇಳಿಸಬೇಕು. ಸಾಮಾನ್ಯವಾಗಿ ಎದುರಾಳಿಯ ಹೆಸರು ಕಾಣುವುದಿಲ್ಲ. ಸದ್ಯದ ಕಡಿಮೆ ದರವೋ, ತಾನು ಎಲ್-1 (ಎಲ್ಲರಿಗಿಂತ ಕಡಿಮೆ ದರ) ಸ್ಥಾನದಲ್ಲಿದ್ದೇನೋ ಎಲ್-2 (ಅದರ ನಂತರದ್ದು) ಸ್ಥಾನದಲ್ಲೋ ಅನ್ನುವುದೋ ಕಾಣುತ್ತದೆ. ಕೊನೆಯ ಕೆಲವು ನಿಮಿಷದಲ್ಲಿ ಯಾರಾದರೂ ದರ ಇಳಿಸಿದರೆ ಮುಗಿಯುವ ಸಮಯ ತಾನಾಗಿ ಮುಂದೆ ಹೋಗುತ್ತದೆ. ಹಾಗಾಗಿ ಕೊನೇ ಸೆಕೆಂಡಿನಲ್ಲಿ ನುಗ್ಗಿ ಆರ್ಡರ್ ಹೊಡೆದುಕೊಳ್ಳುವುದು ಕಷ್ಟ.

ಲಾಭವೆಲ್ಲ ಕೊಳ್ಳುವವರಿಗೇ ಅಂತ ಹಲವರು ಅಂದುಕೊಂಡಿದ್ದಾರೆ. ಅವರಿಗೆ ದುಡ್ಡು ಉಳಿಯುವುದು ನಿಜ, ವಾರಗಟ್ಟಲೆಯ ಚೌಕಾಸಿ ಒಂದೆರಡು ಗಂಟೆಯಲ್ಲಿ ಮುಗಿಯುವುದೂ ನಿಜ. ಆದರೆ ವಶೀಲಿ ಇಲ್ಲದ ಸಣ್ಣವನಿಗೂ ಇದರಲ್ಲಿ ಒಳ್ಳೆಯದಿದೆ. ಮುಚ್ಚಿದ ಲಕೋಟೆಯ ಟೆಂಡರಿನಲ್ಲಿ ಒಂದೇ ದರ ಬರೆದು ಕಾಯಬೇಕು. ಯಾಕೆ ಸೋತೆವು ಅಂತ ಎಷ್ಟೋ ಸಲ ಗೊತ್ತೇ ಆಗಲ್ಲ. ಇಲ್ಲಿ ಕಣ್ಣೆದುರೇ ಗೊತ್ತಾಗುತ್ತದೆ, ತಿದ್ದಿಕೊಳ್ಳುವ ಅವಕಾಶವೂ ಇರುತ್ತದೆ. 2016ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಜೆಮ್ (GeM) ಅನ್ನೋ ಸರ್ಕಾರಿ ಖರೀದಿ ಪೋರ್ಟಲಿನಲ್ಲೂ ಈ ಪದ್ಧತಿ ಇದೆ. ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕಿನಲ್ಲಿ 2017ರಲ್ಲಿ ಯೂನಿಟ್ಟಿಗೆ 2.44 ರೂಪಾಯಿ ದರ ಸಿಕ್ಕಿದ್ದೂ ಹೀಗೆಯೇ. ಒಂದು ಎಚ್ಚರ ಮಾತ್ರ ಬೇಕೇ ಬೇಕು: ಪೈಪೋಟಿಯ ಭರದಲ್ಲಿ ಅಸಲಿಗಿಂತ ಕೆಳಗೆ ಇಳಿಯಬಾರದು. ‘ಇಷ್ಟಕ್ಕಿಂತ ಕೆಳಗೆ ಹೋಗಲ್ಲ’ ಅಂತ ಮೊದಲೇ ಬರೆದಿಟ್ಟುಕೊಂಡು ಕೂರಬೇಕು.

ಇನ್ನು ಪದಕ್ಕೆ ಬರೋಣ. ‘ಹಿಮ್ಮುಖ ಹರಾಜು’ ಅಂತ ಕೆಲವರು ಬರೆಯುತ್ತಾರೆ. ಅದನ್ನು ಓದಿದ ವರ್ಕ್‌ಶಾಪ್ ಮಾಲೀಕನಿಗೆ ಏನು ಅರ್ಥವಾಗುತ್ತದೆ? ಹರಾಜು ಹಿಂದಕ್ಕೆ ಹೋಯಿತು ಅಂತ, ಅಲ್ವಾ? ನನಗೆ ಹಿಡಿಸಿದ್ದು ‘ಇಳಿಹರಾಜು’. ಚಿಕ್ಕದು, ಬಾಯಿಗೆ ಸಲೀಸು. ಆದರೆ ಇಲ್ಲೊಂದು ತೊಡಕಿದೆ. ನಮ್ಮ ಹೆಬ್ಬಾಳದ ಹೂವಿನ ಹರಾಜು ಕೇಂದ್ರ ಡಚ್ ಪದ್ಧತಿಯದು. ಅದರಲ್ಲಿ ದರ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಗುಲಾಬಿ. ದರ ಇಳಿಯುವುದು ಅಲ್ಲೂ ಇದೆ, ಆದರೆ ಪೈಪೋಟಿ ಕೊಳ್ಳುವವರದು. ‘ಇಳಿಹರಾಜು’ ಅನ್ನುವ ಹೆಸರು ನ್ಯಾಯವಾಗಿ ಅದಕ್ಕೇ ಸೇರಬೇಕು ಅನ್ನಿಸುತ್ತದೆ.

ಹರಾಜಿನ ನೋಟೀಸುಗಳಲ್ಲಿ ‘ಸವಾಲು’ ಅನ್ನೋ ಪದ ಮೊದಲಿಂದ ಇದೆ, ‘ಅತಿ ಹೆಚ್ಚು ಸವಾಲು ಕೂಗಿದವರು’ ಅನ್ನುವಲ್ಲಿ. ಅದರಿಂದ ‘ಇಳಿಸವಾಲು’ ಮಾಡಬಹುದು. ಕೂಗುವವನು ತನ್ನ ದರವನ್ನೇ ಇಳಿಸುತ್ತಾನೆ ಅನ್ನೋದು ಇದರಲ್ಲಿ ಸಿಗುತ್ತದೆ. ಮೊದಲ ಸಲ ಬಂದಾಗ ‘ಮಾರುವವರ ಇಳಿಸವಾಲು’ ಅಂತ ಬಿಡಿಸಿ ಬರೆದು, ಮುಂದೆ ಬರೀ ‘ಇಳಿಸವಾಲು’ ಅಂದರೆ ಸಾಕು ಅಂತ ನನ್ನ ಲೆಕ್ಕ. ಸವಾಲು ಅಂದರೆ ಈಗಿನವರಿಗೆ ಚಾಲೆಂಜ್ ಅಂತಲೇ ತೋಚುತ್ತದೆ ಅನ್ನೋ ಅಳುಕೂ ಇದೆ.

ಉತ್ತರ ಕರ್ನಾಟಕದ ‘ಲಿಲಾವು’, ಕರಾವಳಿಯ ‘ಏಲಂ’ ಬಳಸುವವರು ದಯವಿಟ್ಟು ಹೇಳಿ: ಗುತ್ತಿಗೆ ಹಿಡಿಯಲು ಒಬ್ಬರಿಗಿಂತ ಒಬ್ಬರು ರೇಟು ಇಳಿಸುವುದಕ್ಕೆ ನಿಮ್ಮ ಕಡೆ ಆಡುಮಾತಿನಲ್ಲಿ ಏನಂತಾರೆ? ಎಪಿಎಂಸಿ ಯಾರ್ಡುಗಳ ಮಾತು ಬಲ್ಲವರೂ ತಿಳಿಸಿ. ಅಂಥ ಪದ ಸಿಕ್ಕರೆ ‘ಇಳಿಸವಾಲು’ ಬಿಟ್ಟು ಅದನ್ನೇ ಹಾಕುತ್ತೇನೆ.