ಜಟಾಮಾಂಸಿ ಎಣ್ಣೆ ಬಿಡಬೇಕಾ? ಬೇರು ಎಲ್ಲಿಂದ ಬಂತು ಅಂತ ಕೇಳುವುದು ಹೇಗೆ?

ಎಣ್ಣೆಬಟ್ಟಲು:

ತಲೆಗೆ ಹಚ್ಚುವ ಎಣ್ಣೆ, ಲಿಪ್ ಬಾಮ್ ಮಾಡಿ ಮಾರುತ್ತೇನೆ. ಸಣ್ಣ ವ್ಯಾಪಾರ, ನಾನೊಬ್ಬಳೇ. ಮೂರು ವರ್ಷದಿಂದ ತಲೆಎಣ್ಣೆಗೆ ಜಟಾಮಾಂಸಿ ಎಣ್ಣೆ ಹಾಕುತ್ತಿದ್ದೇನೆ. 100 ಮಿ.ಲೀ. ಬಾಟಲಿಗೆ ಅರ್ಧ ಮಿ.ಲೀ., ಅಷ್ಟೇ. ಮುಚ್ಚಳ ತೆಗೆದರೆ ಹಸಿಮಣ್ಣು, ಹಳೇ ಮರದ ಪೆಟ್ಟಿಗೆ ಎರಡೂ ಸೇರಿದ ವಾಸನೆ. ಕೆಲವರಿಗೆ ಹಿಡಿಸಲ್ಲ. ಹಿಡಿಸಿದವರು ಬೇರೆಯದನ್ನು ಮುಟ್ಟಲ್ಲ.

ಮೊನ್ನೆ ಕುತೂಹಲಕ್ಕೆ ಒಂದಿಷ್ಟು ಒಣಬೇರನ್ನೇ ತರಿಸಿದೆ. ಕಿರುಬೆರಳಿನಷ್ಟು ತುಂಡು, ಮೈತುಂಬಾ ಕಂದು ನಾರು. ಜಟೆ ಅಂತ ಸುಮ್ನೆ ಹೆಸರಿಟ್ಟಿಲ್ಲ. ಕೈಯಲ್ಲಿ ಹಿಡಿದಾಗ ಹೊಳೆಯಿತು, ಇದು ಬೇರು. ಬೇರು ಕಿತ್ತ ಮೇಲೆ ಗಿಡ ಎಲ್ಲಿ ಉಳಿಯುತ್ತೆ? ಮೂರು ವರ್ಷ ಈ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ ನೋಡಿ.

ಸಪ್ಲೈಯರ್‌ಗೆ ಕೇಳಿದೆ. "ನೂರಕ್ಕೆ ನೂರು ನ್ಯಾಚುರಲ್ ಮೇಡಂ" ಅಂದರು. ನಾನು ಕೇಳಿದ್ದು ಕಾಡಿನಿಂದ ಕಿತ್ತದ್ದಾ, ಬೆಳೆಸಿದ್ದಾ ಅಂತ. ಆಮೇಲೆ ಅನಾಲಿಸಿಸ್ ಸರ್ಟಿಫಿಕೇಟ್ ಕಳಿಸಿದರು. ಬಣ್ಣ, ಸಾಂದ್ರತೆ ಎಲ್ಲ ಇದೆ. ಗಿಡದ ಸುದ್ದಿಯೇ ಇಲ್ಲ.

ನನ್ನಂಥ ಸಣ್ಣವರು ಏನಂತ ಕೇಳಬೇಕು? ಬೇರೆ ಸಾಮಾನುಗಳದ್ದೂ ಇದೇ ಕಥೆಯಾ? ಬಾಟಲಿಯಲ್ಲಿ ಇನ್ನೂ 60 ಮಿ.ಲೀ. ಇದೆ, ಅದನ್ನೇನು ಮಾಡಲಿ?

ಹಳೇ_ಖರೀದಿಗಾರ:

ಕಚ್ಚಾಮಾಲು ಕೊಳ್ಳುವ ಕೆಲಸದಲ್ಲಿ ಬಹಳ ವರ್ಷ ಇದ್ದೆ. ಒಳ್ಳೇ ಪ್ರಶ್ನೆ. ನಾನೂ ತಡವಾಗಿಯೇ ಕೇಳಿಕೊಂಡೆ.

ಜಟಾಮಾಂಸಿ ಹಿಮಾಲಯದಲ್ಲಿ ಸುಮಾರು 3,000 ಮೀಟರ್‌ಗಿಂತ ಮೇಲೆ ಬೆಳೆಯುವ ಗಿಡ. ಚಳಿ ಜಾಗ, ಬೆಳೆಯುವುದು ನಿಧಾನ. ಯಾವ ಜೀವಿ ಅಳಿವಿನ ಅಂಚಿನಲ್ಲಿದೆ ಅಂತ ಗುರುತಿಸುವ ಐಯುಸಿಎನ್ ಸಂಸ್ಥೆಯ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜಾತಿ ಅಂತ ಸೇರಿಸಿದ್ದಾರೆ. ಅಪಾಯದಲ್ಲಿರುವ ಗಿಡ, ಪ್ರಾಣಿಗಳ ದೇಶ-ದೇಶದ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲೂ 1997ರಿಂದ ಇದೆ. ಹಾಗಂತ ಮಾರಾಟ ನಿಷೇಧ ಅಲ್ಲ. ದೇಶದ ಗಡಿ ದಾಟಬೇಕಾದರೆ ಪರ್ಮಿಟ್ ಬೇಕು. ಬೇರಿಗೂ ಬೇಕು, ಎಣ್ಣೆಗೂ ಬೇಕು. ಆದರೆ ಅಂಗಡಿಯಲ್ಲಿಡಲು ಪ್ಯಾಕ್ ಆದ ವಸ್ತುವಿಗೆ ಬೇಡ. ಹಾಗಾಗಿ ಡಬ್ಬಿ ಕೊಳ್ಳುವವರಿಗೆ ಇದೊಂದೂ ಗೊತ್ತಾಗುವುದೇ ಇಲ್ಲ.

ಇನ್ನು ಲೆಕ್ಕ. ನೂರು ಕಿಲೋ ಒಣಬೇರು ಬಟ್ಟಿ ಇಳಿಸಿದರೆ ಬರುವ ಎಣ್ಣೆ ಒಂದೆರಡು ಕಿಲೋ. ನಿಮ್ಮ 60 ಮಿ.ಲೀ.ಗೆ 3ರಿಂದ 6 ಕಿಲೋ ಬೇರು ಹೋಗಿರುತ್ತೆ. ನಿಮ್ಮ ಹತ್ತಿರ ತುಂಡುಗಳಿವೆ ಅಲ್ವಾ, ತೂಗಿ ನೋಡಿ.

ಸಪ್ಲೈಯರ್‌ಗೆ "ನ್ಯಾಚುರಲ್ಲಾ" ಅಂತ ಕೇಳಲೇಬೇಡಿ. ಗಿಡದ ಲ್ಯಾಟಿನ್ ಹೆಸರು ಕೇಳಿ, ಗಿಡದ ಯಾವ ಭಾಗ ಅಂತ ಕೇಳಿ. ಆಮೇಲೆ ಕಾಡಿನದ್ದಾ, ಹೊಲದ್ದಾ. ಹೊರದೇಶದ್ದಾದರೆ ಪರ್ಮಿಟ್ ನಂಬರ್. ಎಲ್ಲ ಬರವಣಿಗೆಯಲ್ಲೇ ಇರಲಿ, ಫೋನಿನಲ್ಲಿ ಎಲ್ಲರೂ ಎಲ್ಲದಕ್ಕೂ ಹೂಂ ಅಂತಾರೆ.

ಲ್ಯಾಟಿನ್ ಹೆಸರು ಯಾಕೆ ಅಂದರೆ, ಸುಗಂಧದವರ "ರೋಸ್‌ವುಡ್" ಅಮೆಜಾನ್ ಕಾಡಿನ ಮರ. ನಾವು ಬೀಟೆ ಅನ್ನುವ ಮರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನು ಭಾಗ ಯಾಕೆ ಅಂದರೆ, ಆ ಅಮೆಜಾನ್ ಮರವನ್ನು ಬುಡಕ್ಕೇ ಕಡಿದು, ಚಕ್ಕೆ ಮಾಡಿ ಬಟ್ಟಿ ಇಳಿಸುತ್ತಿದ್ದರು. ಕೊನೆಗೆ 2010ರಲ್ಲಿ ಅದೂ ಸೈಟಿಸ್ ಪಟ್ಟಿ ಸೇರಿತು. ಅದೇ ಮರದ ಎಲೆ, ಟೊಂಗೆಯಿಂದಲೂ ಎಣ್ಣೆ ಬರುತ್ತೆ. ಸವರಿದರೆ ಮತ್ತೆ ಚಿಗುರುತ್ತೆ. ಮರ ಒಂದೇ, ಯಾವುದಕ್ಕೆ ಕೈ ಹಾಕಿದಿರಿ ಅನ್ನುವುದೇ ಬೇರೆ.

ಮೇಣದಬತ್ತಿ:

ಲಿಪ್ ಬಾಮ್‌ಗೆ ಯಾವ ಮೇಣ ಹಾಕುತ್ತೀರಿ? ಕ್ಯಾಂಡೆಲಿಲ್ಲಾ ಆಗಿದ್ದರೆ ಅದನ್ನೂ ಕೇಳಿಕೊಳ್ಳಿ. ಜೇನುಮೇಣ ಬಿಟ್ಟು, ವೀಗನ್ (ಪ್ರಾಣಿಗಳಿಂದ ಬಂದದ್ದೇನೂ ಇಲ್ಲ) ಅಂತ ಲೇಬಲ್ ಅಂಟಿಸಿ ನಾನು ಎರಡು ವರ್ಷ ಬೀಗಿದ್ದೆ. ಈ ಕ್ಯಾಂಡೆಲಿಲ್ಲಾ ಮೆಕ್ಸಿಕೋದ ಮರುಭೂಮಿ ಕಡೆ ತಾನಾಗೇ ಬೆಳೆಯುವ ಗಿಡ. ಕಾಡಿನಿಂದ ಕಿತ್ತು ತಂದು, ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ಕುದಿಸುತ್ತಾರೆ. ಮೇಣ ನೊರೆಯಾಗಿ ತೇಲುತ್ತೆ. ಅದೂ ಸೈಟಿಸ್ ಎರಡನೇ ಪಟ್ಟಿಯಲ್ಲೇ ಇದೆ. ಜೇನುಹುಳಕ್ಕೆ ತೊಂದರೆ ಬೇಡ ಅಂತ ಹೊರಟು ಇನ್ನೊಂದು ಕಡೆ ಸಿಕ್ಕಿಬಿದ್ದೆ.

ನದಿಮೂಲ:

ಕಾಡಿನದ್ದು ಅಂದ ತಕ್ಷಣ ಬಿಟ್ಟುಬಿಡಿ ಅನ್ನುವುದನ್ನು ನಾನು ಒಪ್ಪಲ್ಲ. ಕ್ರೀಮಿಗೆ ಹಾಕುವ ಶಿಯಾ ಬೆಣ್ಣೆ ಬರುವ ಆಫ್ರಿಕಾದ ಶಿಯಾ ಮರ ನೋಡಿ. ಹೊಲದ ಮಧ್ಯೆ ಅದನ್ನು ಉಳಿಸಿಕೊಳ್ಳುವುದೇ ಕಾಯಿಗೋಸ್ಕರ. ಕಾಯಿಗೆ ಬೆಲೆ ಇಲ್ಲದಿದ್ದರೆ ಅದು ಸೌದೆ, ಇದ್ದಿಲು. ಆಯ್ದು ತರುವ ಹೆಂಗಸರ ಸಂಪಾದನೆಯೂ ಹೋಗುತ್ತೆ.

ಆದರೆ ಬೆಲೆ ಬಂದರೆ ಮರ ತಾನಾಗೇ ಉಳಿಯುತ್ತೆ ಅಂತಲೂ ಇಲ್ಲ. ಮೊರಾಕ್ಕೋದಲ್ಲಿ ಆರ್ಗಾನ್ ಎಣ್ಣೆಗೆ ಬೇಡಿಕೆ ಏರಿದಾಗ ಒಂದಿಷ್ಟು ಮನೆಗಳವರು ಬಂದ ದುಡ್ಡಿನಲ್ಲಿ ಮೇಕೆ ಕೊಂಡರು. ಆ ಮೇಕೆಗಳು ಆರ್ಗಾನ್ ಮರದ ಮೇಲೇ ಹತ್ತಿ ಮೇಯುತ್ತವೆ! ಅಲ್ಲಿನ ಕಾಡು 1998ರಿಂದ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶ. ಬೋರ್ಡು ನೋಡಿ ಮೇಕೆ ಸುಮ್ಮನಿರುತ್ತಾ?

ಕಾಡಿನಿಂದ ತರುವ ಗಿಡಗಳಿಗೆ ಫೇರ್‌ವೈಲ್ಡ್ ಅಂತ ಒಂದು ಸರ್ಟಿಫಿಕೇಟ್ ಇದೆ. ಎಷ್ಟು ಕೀಳಬಹುದು, ಮತ್ತೆ ಬೆಳೆಯಲು ಎಷ್ಟು ಬಿಡಬೇಕು, ಕಿತ್ತವರಿಗೆ ಸರಿಯಾಗಿ ದುಡ್ಡು ಸಿಗುತ್ತಾ ಅಂತ ನೋಡುತ್ತಾರೆ. ಎಲ್ಲ ಗಿಡಕ್ಕೂ ಸಿಗಲ್ಲ, ಇದ್ದರೆ ಅದನ್ನೇ ಕೊಳ್ಳಿ. ಆ 60 ಮಿ.ಲೀ. ಚೆಲ್ಲಬೇಡಿ. ಚೆಲ್ಲಿದರೆ ಗಿಡ ವಾಪಸ್ ಬರಲ್ಲ.

ಎಣ್ಣೆಬಟ್ಟಲು:

ತೂಗಿದೆ. ಮೂರು ತುಂಡಿಗೆ 10 ಗ್ರಾಂ. ಮೂರು ಕಿಲೋ ಅಂತಲೇ ಹಿಡಿದರೂ 900 ತುಂಡು. 60 ಮಿ.ಲೀ.ನಲ್ಲಿ 120 ಬಾಟಲಿ ತಲೆಎಣ್ಣೆ ಆಗುತ್ತೆ. ಅಂದರೆ ಬಾಟಲಿಗೆ ಏಳೆಂಟು ತುಂಡು. ಅರ್ಧ ಮಿ.ಲೀ. ತಾನೇ ಅಂದುಕೊಂಡಿದ್ದೆ.

ಮೇಣ ಕ್ಯಾಂಡೆಲಿಲ್ಲಾನೇ. ನನ್ನ ಲೇಬಲ್ ಮೇಲೂ ವೀಗನ್ ಅಂತ ಇದೆ. ಅದು ನಾಳೆಯ ತಲೆನೋವು.

ಇವತ್ತು ಸಪ್ಲೈಯರ್‌ಗೆ ಮತ್ತೆ ಮೇಲ್ ಹಾಕಿದೆ. ಲ್ಯಾಟಿನ್ ಹೆಸರು, ಭಾಗ, ಕಾಡಿನದ್ದಾ ಹೊಲದ್ದಾ, ಪರ್ಮಿಟ್. ಬೆಳೆಸಿದ ಬೇರು ಅಂತ ಕಾಗದ ತೋರಿಸಿದರೆ ಕೊಳ್ಳುತ್ತೇನೆ, ಇಲ್ಲದಿದ್ದರೆ ಈ 120ಕ್ಕೆ ಸಾಕು. ವಾಸನೆಗೆ ಬಂದವರಿಗೆ ಏನು ಹೇಳುವುದು ಅಂತ ಮಾತ್ರ ಇನ್ನೂ ಹೊಳೆದಿಲ್ಲ. ಒಂದು ತುಂಡು ಬೇರನ್ನೇ ಕೈಗಿಡೋಣ ಅಂತಿದ್ದೇನೆ.